ಬೀಬವ್ವನ ಬಲಗೈ

ಬಳೆಯ ಪೆಟ್ಟಿಗೆ ಬಿಚ್ಚಿದರೆ ಮೊದಲು ಒಣಹುಲ್ಲಿನ ವಾಸನೆ ಬರುತ್ತಿತ್ತು. ಈಗೀಗ ಮಾಲು ಪ್ಲಾಸ್ಟಿಕ್ ಸುತ್ತಿಕೊಂಡು ರಟ್ಟಿನ ಡಬ್ಬಿಯಲ್ಲಿ ಬರುತ್ತದೆ, ವಾಸನೆ ಎಂಬುದೇ ಇಲ್ಲ. ಆದರೆ ಈ ಶ್ರಾವಣದಲ್ಲಿ ನನ್ನ ಅಂಗಡಿಗೆ ಬಂದ ಒಂದು ಪೆಟ್ಟಿಗೆಯಲ್ಲಿ ಯಾರೋ ಹಳೆಯ ರೂಢಿಯವರು ಹುಲ್ಲು ತುಂಬಿದ್ದರು. ಹೊರಗೆ ಜಿಟಿಜಿಟಿ ಮಳೆ, ಹುಲ್ಲಿಗೆ ಸ್ವಲ್ಪ ಹಸಿ ತಾಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಗಜೇಂದ್ರಗಡದ ಮನೆಯ ಪಡಸಾಲೆಯಲ್ಲಿದ್ದೆ. ಎದುರಿಗೆ ನನ್ನ ಅತ್ತೆ ಬೀಬವ್ವ. ಅವರ ಬಲಗೈಗೆ ಬಿಳಿ ಪ್ಲಾಸ್ಟರು, ಎಡಗೈ ನನ್ನ ಕೈಯೊಳಗೆ.

ರೋಣದ ಬಸ್ ನಿಲ್ದಾಣದ ಹತ್ತಿರ ಈಗ ನನ್ನದೇ ಬಳೆ ಅಂಗಡಿ ಇದೆ. ಬಾಡಿಗೆ ಮಾತಾಡಿದವಳು ನಾನು. ಯಾರೋ ಔಷಧ ಅಂಗಡಿ ಮುಚ್ಚುವಾಗ ಅವರ ಗಾಜಿನ ಕಪಾಟನ್ನು ಮೂರು ಸಲ ಎದ್ದು ಹೋಗಿ, ಮೂರು ಸಲ ತಿರುಗಿ ಬಂದು, ನನಗೆ ಬೇಕಾದ ರೇಟಿಗೆ ತಂದವಳೂ ನಾನು. ಚೌಕಾಸಿ ಯಾರೂ ಕಲಿಸಲಿಲ್ಲ, ಅದು ನನಗೆ ಹುಟ್ಟಿನಿಂದ ಬಂದದ್ದು. ಬಳೆ ಇಡಿಸುವ ಕೈ ಮಾತ್ರ ಕಲಿಸಿದವರಿದ್ದಾರೆ. ಅವರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಗಿರಾಕಿಗಳಿಗೆ ನಾನು ಯಾವಾಗಲೂ ಹೇಳುವ ಮಾತೊಂದಿದೆ. ಬಳೆ ಇಡಿಸುವವರನ್ನು ಮೊದಲನೇ ಕೈಯಲ್ಲಿ ಪರೀಕ್ಷೆ ಮಾಡಬೇಡಿ, ಎರಡನೇ ಕೈಯಲ್ಲಿ ಮಾಡಿ. ಎಲ್ಲರೂ ಎಡಗೈಯಿಂದ ಶುರು ಮಾಡುತ್ತಾರೆ, ಯಾಕೆಂದರೆ ಎಡಗೈ ಮೆತ್ತಗಿರುತ್ತದೆ, ಬಳೆ ಜಾರಿದ ಹಾಗೆ ಏರುತ್ತದೆ, ಗಿರಾಕಿಗೆ ಧೈರ್ಯ ಬರುತ್ತದೆ. ಬಲಗೈಯ ಕಥೆ ಬೇರೆ. ರೊಟ್ಟಿ ಬಡಿದು, ಕಳೆ ಕಿತ್ತು, ಕೊಡ ಎತ್ತಿ ಅದು ಅಗಲವಾಗಿರುತ್ತದೆ, ಗಟ್ಟಿಯಾಗಿರುತ್ತದೆ. ಹೆಂಗಸರು ಹಲ್ಲು ಕಚ್ಚುವುದು ಅಲ್ಲಿಯೇ. ಒಡೆದ ಬಳೆಗೆ ದುಡ್ಡಿಲ್ಲ ಎಂಬುದು ನಮ್ಮ ಕಸುಬಿನ ಕಾನೂನು, ಹಾಗಾಗಿ ಆ ಎರಡನೇ ಕೈ ಬಳೆಗಾರರ ಹಲ್ಲನ್ನೂ ಕಚ್ಚಿಸುತ್ತದೆ.

ನಾನು ಮುಶಿಗೇರಿಯ ಹುಡುಗಿ. ಅಪ್ಪ ಅರಳೆ ಬಡಿದು ಗಾದಿ ಹೊಲಿಯುತ್ತಿದ್ದ. ನಾನು ಹುಟ್ಟಾ ಎಡಗೈಯವಳು. ಉಣ್ಣುವಾಗಷ್ಟೇ ಅವ್ವ ಗದರಿ ಬಲಗೈ ಮಾಡಿಸಿದ್ದಳು. ಉಳಿದಂತೆ ದಬ್ಬಣ ಹಿಡಿದದ್ದು, ರೊಟ್ಟಿ ಬಡಿದದ್ದು, ಕಸ ಗುಡಿಸಿದ್ದು ಎಲ್ಲ ಎಡಗೈ. ಅಪ್ಪ ಅನ್ನುತ್ತಿದ್ದ, "ಗಾದಿ ಮ್ಯಾಲೆ ಮಲಗಾಂವಗ ಯಾವ ಕೈಲೆ ಹೊಲದ್ರೇನು, ನಿದ್ದಿ ಬಂದ್ರ ಆತು." ಆ ಮಾತಿನ ಧೈರ್ಯದ ಮೇಲೆ ನಾನು ಗಜೇಂದ್ರಗಡದ ಬಳೆಗಾರರ ಮನೆಗೆ ಸೊಸೆಯಾಗಿ ಬಂದೆ. ಬಂದ ಮೇಲೆ ಗೊತ್ತಾಯಿತು, ಗಾದಿ ಬೇರೆ, ಬಳೆ ಬೇರೆ.

ಆ ಮನೆಯಲ್ಲಿ ಗಂಡಸರು ಗಾಡಿಯ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ನರೇಗಲ್ಲಿನ ಸಂತೆ, ಇನ್ನೊಂದು ಸಂತೆ ಎಂದು ತಿರುಗುತ್ತಿದ್ದರು. ಅತ್ತೆಯ ವ್ಯಾಪಾರ ಮನೆಗಳದು. ಮದುವೆ, ಬಸುರಿಯ ಕುಬಸ, ಪಂಚಮಿ ಎಂದರೆ ಕರೆ ಬರುತ್ತಿತ್ತು, ಬೀಬವ್ವ ಬುಟ್ಟಿ ಎತ್ತುತ್ತಿದ್ದರು. ನಮ್ಮ ಕಡೆ ಬಳೆಗಾರರಿಗೆ ಇಂತಿಂಥ ಮನೆ ಎಂದು ಇರುತ್ತವೆ, ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡುವುದಿಲ್ಲ. ಆದರೆ ಒಂದು ಶುಭಕಾರ್ಯ ತಪ್ಪಿಸಿದರೆ ಆ ಮನೆ ಕೈ ಬಿಟ್ಟಿತೆಂದೇ ಲೆಕ್ಕ.

ಅತ್ತೆಯ ಕೈಯನ್ನು ನಾನು ಬಂದ ದಿನವೇ ನೋಡಿದ್ದೆ. ಎಡ ಮಣಿಕಟ್ಟಿನಲ್ಲಿ ಒತ್ತೊತ್ತಾಗಿ ಒಂದು ಡಜನ್ ಹಸಿರು ಬಳೆ. ಬಲಗೈಯಲ್ಲಿ ಎರಡೇ ಎರಡು, ಅವೂ ಸಡಲ, ಕೈ ಇಳಿಬಿಟ್ಟರೆ ಬೆರಳಿನ ತನಕ ಬರುವಂಥವು. ಯಾಕೆಂದು ಕೇಳಿದ್ದಕ್ಕೆ, "ದುಡಿಯೂ ಕೈಗೆ ಶೃಂಗಾರ ಯಾಕ" ಎಂದು ಮಾತು ಮುಗಿಸಿದ್ದರು.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಆ ಶ್ರಾವಣಕ್ಕೆ ಮೊದಲು ಒಳ್ಳೆಯ ಮಳೆ ಬಿದ್ದಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಮೋಡದೊಳಗೆ ಅರ್ಧ ಮುಳುಗಿ ತಿರುಗುತ್ತಿದ್ದವು. ಅತ್ತೆ ಯಾವುದೋ ಹಳ್ಳಿಯಲ್ಲಿ ಬಳೆ ಇಡಿಸಿ ಬರುವಾಗ, ಬಸ್ಸಿನಿಂದ ಇಳಿದ ಕಡೆ ಎರೆಮಣ್ಣು ಬೆಣ್ಣೆಯಾಗಿತ್ತು. ಜಾರಿದರು. ಬುಟ್ಟಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯನ್ನು ನೆಲಕ್ಕೆ ಕೊಟ್ಟರು. ಬುಟ್ಟಿಯ ಒಂದು ಬಳೆಯೂ ಒಡೆಯಲಿಲ್ಲ. ಮಣಿಕಟ್ಟು ಮುರಿಯಿತು. ಗದಗಿನ ದವಾಖಾನೆಯಲ್ಲಿ ಆ ಎರಡು ಸಡಲ ಬಳೆಗಳನ್ನೂ ತೆಗೆದು ಪ್ಲಾಸ್ಟರು ಹಾಕಿ ಕಳಿಸಿದರು. ಗಣಪತಿ ಹಬ್ಬ ದಾಟುವ ತನಕ ಕೈ ಅಲುಗಿಸುವಂತಿಲ್ಲ ಎಂದರು.

ಎದುರಿಗೆ ನಾಗರ ಪಂಚಮಿ. ಅತ್ತೆ ಬುಟ್ಟಿಯನ್ನು ನನ್ನ ಮುಂದೆ ಸರಿಸಿದರು. ನಾನು ಅಷ್ಟರಲ್ಲಿ ಬಜಾರಿನಲ್ಲಿ ಕೂತು ಕಾಲೇಜು ಹುಡುಗಿಯರಿಗೆ ಬಳೆ ಇಡಿಸುತ್ತಿದ್ದೆ, ಎಡಗೈಯಲ್ಲಿ ಏರಿಸುತ್ತಿದ್ದೆ, ಅವರಿಗೆ ಅದರ ಖಬರೇ ಇರಲಿಲ್ಲ. ಮನೆಗಳ ಮಾತು ಹಾಗಲ್ಲ ಎಂದು ಪಂಚಮಿಯ ಮುಂಚಿನ ದಿನ ತಿಳಿಯಿತು. ನೇಕಾರರ ಓಣಿಯಲ್ಲಿ ಒಬ್ಬ ಅಜ್ಜಿ ಕೈ ಚಾಚಿದವಳು, ನಾನು ಎಡಗೈಯಲ್ಲಿ ಬಳೆ ಎತ್ತಿದ ಕೂಡಲೇ ತನ್ನ ಕೈ ಹಿಂದಕ್ಕೆಳೆದುಕೊಂಡಳು.

"ಎಡಗೈಲೆ ಇಡಸ್ತಿಯೇನ ತಂಗಿ? ಹಬ್ಬದಾಗ?"

"ಅಜ್ಜಿ, ಬಳಿ ಅದ ಐತಲ್ಲ."

"ಬಳಿ ಅದ, ಕೈ ಬ್ಯಾರೆ. ಬೀಬವ್ವನ ಕೈ ಚಲೋ ಆದಮ್ಯಾಲೆ ಬರಾಕ ಹೇಳು."

ಜೋಕಾಲಿ ಆಡುತ್ತಿದ್ದ ಹುಡುಗಿಯರೂ ಆಟ ನಿಲ್ಲಿಸಿ ನೋಡಿದರು. ಬುಟ್ಟಿ ಮುಚ್ಚಿಕೊಂಡು ಮನೆಗೆ ಬಂದೆ. ಬುಟ್ಟಿಯ ತೂಕ ನೋಡಿಯೇ ಅತ್ತೆಗೆ ತಿಳಿಯಿತು.

ಅದರ ಮರುದಿನ ನರಗುಂದದಿಂದ ಫೋನ್ ಬಂತು. ಅಲ್ಲಿ ಕಾಳಿನ ವ್ಯಾಪಾರದ ದೊಡ್ಡ ಮನೆ ಒಂದಿತ್ತು, ಯಜಮಾನಿ ಕಮಲವ್ವನವರು. ಅತ್ತೆಯ ಮನೆಗಳಲ್ಲೆಲ್ಲ ಅದು ಮೊದಲ ಸಾಲಿನ ಮನೆ. ಕಮಲವ್ವನವರು ಬಳೆ ಇಡಿಸಿಕೊಂಡರು ಅಂದರೆ ಆ ಓಣಿಯೇ ಕೈ ಚಾಚುತ್ತಿತ್ತು. ಅವರ ಸೊಸೆ ಸವಿತಾಗೆ ಏಳು ತಿಂಗಳು, ಶ್ರಾವಣದ ಕೊನೆಗೆ ಕುಬಸ.

"ಬೀಬವ್ವ, ಕೈ ಮುರದೈತಂತಲ್ಲ. ಇಲ್ಲೇ ಅಂಗಡಿಯವನ್ನ ಕರಸ್ಲೇನ?"

ಅತ್ತೆ ಒಂದು ಗಳಿಗೆ ನನ್ನ ಕಡೆ ನೋಡಿದರು. "ಬ್ಯಾಡ್ರಿ ಅವ್ವಾರ. ನಾನೂ ಬರ್ತೀನಿ, ನನ್ನ ಸೊಸಿನೂ ಬರ್ತಾಳ." ಫೋನ್ ಇಟ್ಟು ನನ್ನ ಎಡಗೈಯನ್ನು ಬೆರಳು ಮಾಡಿ ತೋರಿಸಿದರು. "ಈ ಕೈ ಮನ್ಯಾಗ ಬಿಟ್ಟು ಬರಬೇಕು."

ನಾನು ಅಲ್ಲೇ ನನ್ನ ವ್ಯಾಪಾರ ಶುರು ಮಾಡಿದೆ. "ಕಲೀತೀನಿ ಅಮ್ಮಾ. ಆದ್ರ ಕಲತ ಮ್ಯಾಲೆ ಬುಟ್ಟಿ ಹೊರೂದಷ್ಟ ನನ್ನ ಪಾಲಿಗೆ ಆಗಬಾರದು. ಮನ್ಯಾಗ ಮಾತೂ ನಾನ ಆಡ್ತೀನಿ."

"ಮೊದ್ಲ ಕೈ ಬರ್ಲಿ. ಬಾಯಿ ಕಲಸೂ ಕೆಲಸ ನಿಮ್ಮಪ್ಪನ ಮುಗಿಸ್ಯಾನ."

ಮನೆಯಲ್ಲಿ ನಾವು ಆಡುವ ಭಾಷೆ ಬೇರೆ, ಕನ್ನಡದಲ್ಲಿ ಬರೆಯುವಾಗ ಅದರ ಖಾರ ಸ್ವಲ್ಪ ಇಳಿಯುತ್ತದೆ. ಅವತ್ತು ಖಾರವಾಗಿಯೇ ಅಂದಿದ್ದರು.

ಅಂದಿನಿಂದ ನನ್ನ ಬಲಗೈಗೆ ಶಾಲೆ ಶುರುವಾಯಿತು. ಕಸಬರಿಗೆ ಬಲಗೈಗೆ, ತಂಬಿಗೆ ಬಲಗೈಗೆ, ಒಗ್ಗರಣೆ ಸೌಟು ಬಲಗೈಗೆ. ರೊಟ್ಟಿ ಬಡಿಯುವುದು ಎಲ್ಲಕ್ಕಿಂತ ಕಠಿಣ. ಹಿಟ್ಟು ಒಂದು ಕಡೆ ದಪ್ಪ, ಒಂದು ಕಡೆ ಹರಕು. ನಮ್ಮ ಯಜಮಾನರು ತಟ್ಟೆಯೊಳಗಿನ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಇದು ಯಾವ ತಾಲೂಕಿನ ನಕಾಶೆ ಐತಿ?" "ನಿಮಗ ಉಣ್ಣಾಕ ಬೇಕೋ, ಸರ್ವೇ ಮಾಡಾಕ ಬೇಕೋ" ಎಂದು ನಾನು ಎರಡನೆಯದನ್ನೂ ತಟ್ಟೆಗೆ ಒಗೆಯುತ್ತಿದ್ದೆ. ಹೊಸದೇನಾದರೂ ಕಲಿಯುವವರಿಗೆ ನನ್ನ ಸಲಹೆ ಇಷ್ಟು. ಮನೆಯವರ ನಗೆಯನ್ನು ಮೊದಲನೇ ವಾರದಲ್ಲೇ ತೀರಿಸಿಬಿಡಿ. ಅವರಿಗೆ ನಕ್ಕು ಸಾಕಾಗುತ್ತದೆ, ನಿಮಗೆ ಕೆಲಸ ಬರುತ್ತದೆ.

ಮಧ್ಯಾಹ್ನ ಬಳೆಯ ಪಾಠ. ಪಡಸಾಲೆಯಲ್ಲಿ ಚಾಪೆ, ಅತ್ತೆಯ ಪ್ಲಾಸ್ಟರಿನ ಕೈ ದಿಂಬಿನ ಮೇಲೆ, ಒಂದು ಬಟ್ಟಲಲ್ಲಿ ಸಾಬೂನಿನ ನೀರು, ಬಿಚ್ಚಿದ ಪೆಟ್ಟಿಗೆಯಿಂದ ಹೊರಗೆ ಚೆಲ್ಲಿದ ಹುಲ್ಲು. ಅವರು ಎಡಗೈಯ ಬಳೆಗಳನ್ನು ಮೊಳಕೈ ಕಡೆಗೆ ಸರಿಸಿಕೊಂಡು ಆ ಕೈ ಚಾಚುತ್ತಿದ್ದರು. ನಾನು ಎಡಗೈಯಲ್ಲಿ ಅದನ್ನು ಹಿಡಿದು ಬಲಗೈಯಲ್ಲಿ ಬಳೆ ಏರಿಸಬೇಕು, ಇಳಿಸಬೇಕು, ಮತ್ತೆ ಏರಿಸಬೇಕು.

"ದಬ್ಬಬ್ಯಾಡ. ಬಳಿ ಏನ ಎತ್ತಲ್ಲ. ಹೆಬ್ಬಟ್ಟಿನ ಬುಡ ಒಳಗ ಒತ್ತು, ಎಲುಬು ತಾನ ದಾರಿ ಬಿಡ್ತದ."

"ಒತ್ತೀನಿ."

"ನನಗ ಗೊತ್ತಾಗವಲ್ದು. ನಿನಗ ಹ್ಯಾಂಗ ಗೊತ್ತಾತು?"

ಸಂಜೆಯ ಹೊತ್ತಿಗೆ ಅವರ ಎಡಗೈ ಕೆಂಪಾಗಿ ಊದುತ್ತಿತ್ತು. ಕೊಬ್ಬರಿ ಎಣ್ಣೆ ಸವರಿ, ಮರುದಿನ ಮತ್ತೆ ಅದೇ ಕೈ ಚಾಚುತ್ತಿದ್ದರು. ಒಡೆದ ಚೂರು ಎಷ್ಟೋ ಸಲ ಅವರಿಗೆ ಚುಚ್ಚಿತು. ಒಮ್ಮೆ ರಕ್ತ ಬಂದಾಗ ನಾನು ಸಾಕೆಂದೆ. ಅವರು ಸೆರಗಿನಲ್ಲಿ ಒರೆಸಿಕೊಂಡು, "ಈ ಕೈ ನಾಳೆ ಚಲೋ ಆಗತೈತಿ. ನರಗುಂದದ ಮನಿ ಹೋತಂದ್ರ ತಿರಗಿ ಬರೂದಿಲ್ಲ, ಇಡಸು" ಅಂದರು. ತಾಯಿಯೂ ನನಗಾಗಿ ಅಷ್ಟು ನೋವು ತಿಂದಿರಲಿಕ್ಕಿಲ್ಲ. ಅವರು ತಿಂದದ್ದನ್ನು ಆಗ ನಾನು ಮೊಂಡುತನ ಎಂದುಕೊಂಡಿದ್ದೆ.

ಶ್ರಾವಣದ ಮಧ್ಯಕ್ಕೆ ಬಲಗೈಗೆ ಬುದ್ಧಿ ಬಂತು. ಒಂದು ಮಧ್ಯಾಹ್ನ ಅತ್ತೆ ಪಕ್ಕದ ಮನೆಯವಳ ಜೊತೆ ಹೆಸರಿನ ಬೆಳೆಯ ಮಾತಾಡುತ್ತ ಕೂತಿದ್ದರು, ನಾನು ಆರು ಬಳೆ ಏರಿಸಿದೆ, ಅವರಿಗೆ ಗೊತ್ತೇ ಆಗಲಿಲ್ಲ. ಮಾತು ನಿಲ್ಲಿಸಿ ಕೈ ನೋಡಿಕೊಂಡರು. "ಹೂಂ" ಎಂದಷ್ಟೇ ಅಂದರು. ಅವರ ಬಾಯಿಂದ ಅದು ದೊಡ್ಡ ಸರ್ಟಿಫಿಕೇಟು.

ಕುಬಸದ ದಿನ ಬೆಳಕು ಹರಿಯುತ್ತಲೇ ಬಸ್ಸು ಹಿಡಿದೆವು. ರೋಣದಲ್ಲಿ ಇಳಿದು ನರಗುಂದದ ಬಸ್ಸಿಗೆ ಕಾದೆವು. ಇವತ್ತು ನನ್ನ ಅಂಗಡಿ ಇರುವ ಜಾಗಕ್ಕೆ ಎದುರಾಗಿಯೇ ಬುಟ್ಟಿ ಇಟ್ಟುಕೊಂಡು ಕೂತಿದ್ದೆವು ಎಂದು ಈಗ ಹೊಳೆಯುತ್ತದೆ. ದಾರಿಯುದ್ದಕ್ಕೂ ಡಾಂಬರಿನ ಮೇಲೆ ಹೆಸರಿನ ಗಿಡ ಹಾಸಿದ್ದರು. ನಮ್ಮ ಬಸ್ಸೇ ಅದನ್ನು ತುಳಿದು ಒಕ್ಕಣೆ ಮಾಡುತ್ತ ಹೋಗುತ್ತಿತ್ತು. ಕಾಲುವೆ ದಾಟಿದ ಮೇಲೆ ನರಗುಂದದ ಗುಡ್ಡ ಕಂಡಿತು. ಅತ್ತೆ ಕಿಟಕಿಯ ಕಡೆ ನೋಡುತ್ತ, "ಮಾತು ನೀ ಆಡ್ತಿ ಅಂದಿದ್ದಿ. ಮೊದ್ಲ ಕೈ ಮಾತಾಡ್ಲಿ, ಆಮ್ಯಾಲೆ ನೀ ಆಡು" ಎಂದರು.

ಕಮಲವ್ವನವರ ಪಡಸಾಲೆ ತುಂಬ ಹೆಂಗಸರು. ಸವಿತಾ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಅವಳ ಕೈ ನೋಡಿದೆ. ಬಸುರಿಯ ಕೈ, ಬೆರಳುಗಳೆಲ್ಲ ಊದಿ ಬಂದಿದ್ದವು. ಅವಳ ಹಳೆಯ ಅಳತೆಯ ಬಳೆ ಆಗುವಂತಿರಲಿಲ್ಲ. ಒಂದು ಅಳತೆ ದೊಡ್ಡದನ್ನು ಆರಿಸಿದೆ. ತೀರ ದೊಡ್ಡದು ಇಡಿಸಿದರೆ ಬಾಣಂತನ ಮುಗಿಯುವುದರೊಳಗೆ ಕಳಚಿ ಬೀಳುತ್ತವೆ. ಕುಬಸದ ಬಳೆ ಕಳಚಬಾರದು, ಇಡಿಸುವಾಗ ಒಡೆಯಲೂಬಾರದು. ಒಡೆದರೆ ಯಾರೂ ಬೈಯುವುದಿಲ್ಲ, ಮುಖ ಮುಖ ನೋಡಿಕೊಳ್ಳುತ್ತಾರೆ. ಬೈಗುಳವಾದರೆ ಮರೆತುಹೋಗುತ್ತದೆ, ಆ ನೋಟ ಮರೆಯುವುದಿಲ್ಲ.

ಸವಿತಾ ಎಡಗೈ ಚಾಚಿದಳು. ನನ್ನ ಬಲಗೈ ಒಂದೊಂದೇ ಬಳೆ ಏರಿಸಿತು. ಹೆಬ್ಬಟ್ಟಿನ ಬುಡ ಒತ್ತಿದೆ, ಎಲುಬು ದಾರಿ ಬಿಟ್ಟಿತು. ಕಮಲವ್ವನವರು ತಮ್ಮ ಅಕ್ಕನ ಕಡೆ ತಿರುಗಿ, "ಬೀಬವ್ವನ ಕೈನ ಬಂದೈತಿ" ಎಂದದ್ದು ನನಗೆ ಕೇಳಿಸಿತು. ಅತ್ತೆ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಿದ್ದರು.

ಆಮೇಲೆ ಅವಳು ಬಲಗೈ ಚಾಚಿದಳು. ನಾನು ಹಿಡಿದೆ. ಬಳೆ ಎತ್ತಿದೆ. ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

ಅಷ್ಟು ದಿನ ನಾನು ಅತ್ತೆಯ ಎಡಗೈಯೊಂದರ ಮೇಲೆಯೇ ಕಲಿತಿದ್ದೆ. ಅವರ ಬಲಗೈ ಪ್ಲಾಸ್ಟರಿನೊಳಗಿತ್ತು. ಕಲಿಸಿದ ಅವರಿಗಾಗಲಿ, ಕಲಿತ ನನಗಾಗಲಿ, ಹೆಂಗಸರಿಗೆ ಇನ್ನೊಂದು ಕೈ ಇರುತ್ತದೆಂಬುದು ಹೊಳೆದೇ ಇರಲಿಲ್ಲ. ಎದುರಿಗೆ ಕೂತವಳು ಎಡಗೈ ಚಾಚಿದರೆ ಅವಳ ಹೆಬ್ಬೆರಳು ನನ್ನ ಎಡಕ್ಕೆ ಬರುತ್ತದೆ. ಬಲಗೈ ಚಾಚಿದರೆ ನನ್ನ ಬಲಕ್ಕೆ. ನಾನು ಒತ್ತಿ ಹಿಡಿಯಬೇಕಾದ ಹೆಬ್ಬಟ್ಟು ಮಗ್ಗಲು ಬದಲಿಸಿ ಕೂತಿತ್ತು. ನನ್ನ ಎಡಗೈಗೆ ಅದು ಎಟುಕಬೇಕೆಂದರೆ ಸವಿತಾಳ ಮಣಿಕಟ್ಟನ್ನು ತಿರುವಬೇಕು. ಸ್ವಲ್ಪ ತಿರುವಿದೆ. ಅವಳು ಉಸಿರು ಹಿಡಿದಳು. ಬಳೆ ಗೆಣ್ಣಿನ ಮೇಲೆ ಕೂತು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಗಾಜು ಸಣ್ಣಗೆ ಕಿರ್ ಎಂದಿತು.

ಪಡಸಾಲೆಯ ಹೆಂಗಸರು ಮುಖ ಮುಖ ನೋಡಿಕೊಂಡರು.

"ಕೈ ಬದಲ ಮಾಡು" ಎಂದರು ಅತ್ತೆ. ಕಣ್ಣು ತೆರೆದಿದ್ದರು.

ನಾನು ಬಳೆಯನ್ನು ಹಾಗೇ ಹಿಡಿದು ಅವರ ಕಡೆ ನೋಡಿದೆ.

"ಶಮೀಮ, ಕೈ ಬದಲ ಮಾಡು. ಬಲಗೈಲೆ ಹಿಡಿ, ಎಡಗೈಲೆ ಏರಸು."

ಕಮಲವ್ವನವರು ಮುಂದೆ ಬಂದರು. "ಎಡಗೈಲೇನ ಬೀಬವ್ವ? ಕುಬಸದ ಬಳಿ?"

ಅತ್ತೆ ಗೋಡೆ ಬಿಟ್ಟು ನೆಟ್ಟಗೆ ಕೂತರು. ದನಿ ಏರಿಸಲಿಲ್ಲ. "ಅವ್ವಾರ, ನಿಮ್ಮ ಮದುವ್ಯಾಗ ಈ ಮನಿಗೆ ಬಂದಾಕಿ ನಾನು. ಅವತ್ತಿಂದ ನಿಮ್ಮ ಕೈ ಹಿಡದಿದ್ದು ನನ್ನ ಯಾವ ಕೈರೀ? ಎಡಗೈನ ಹಿಡದೈತಿ, ಬಲಗೈ ಬರೇ ದಬ್ಬೇತಿ. ಹಿಡದ ಕೈ ನಡೀತಂದ್ರ ಏರಸೂ ಕೈ ಯಾಕ ನಡ್ಯಾಂಗಿಲ್ಲ?" ಆಮೇಲೆ ಅವರ ಬಲಗೈ ನೋಡುತ್ತ, "ಖರೇ ಹೇಳ್ರಿ. ನಾ ಮಣಿಕಟ್ಟ ತಿರುವಿ ಇಡಸುವಾಗ ನಿಮ್ಮ ಬಲಗೈ ನೋಯ್ತಿತ್ತಿಲ್ಲೋ?"

ಕಮಲವ್ವನವರ ಎಡಗೈ ತಾನಾಗಿ ಹೋಗಿ ಬಲ ಮಣಿಕಟ್ಟನ್ನು ಹಿಡಿದುಕೊಂಡಿತು.

ಮಾತಾಡಿದವಳು ಸವಿತಾ. "ಅತ್ತಿ, ನನಗ ನೋಯಾಕತ್ತೈತಿ. ಅವರು ಹೇಳಿದಂಗ ಮಾಡ್ಲಿ."

ನಾನು ಕೈ ಬದಲಿಸಿದೆ. ನನ್ನ ಬಲಗೈ ಅವಳ ಹೆಬ್ಬಟ್ಟಿನ ಬುಡಕ್ಕೆ ಹೋಯಿತು. ಶ್ರಾವಣ ಪೂರ್ತಿ ಕಸಬರಿಗೆ ಹಿಡಿದು, ರೊಟ್ಟಿ ಬಡಿದು ಅದಕ್ಕೆ ಬಂದಿದ್ದ ಬಲ, ಅಂದಾಜು, ಎಲ್ಲ ಈಗ ಹಿಡಿಯುವ ಕೆಲಸಕ್ಕೆ ಬಂತು. ಮೊದಲಾಗಿದ್ದರೆ ಆ ಕೈಗೆ ಹೀಗೆ ಹಿಡಿಯಲು ಬರುತ್ತಿರಲಿಲ್ಲ. ಮಣಿಕಟ್ಟು ತಿರುವುವ ಪ್ರಸಂಗವೇ ಇಲ್ಲ, ಅವಳು ಚಾಚಿದ ಹಾಗೆಯೇ ಹಿಡಿದೆ. ಇತ್ತ ಎಡಗೈ ತನ್ನ ತವರಿಗೆ ಬಂದ ಹಾಗೆ ಬಳೆಯನ್ನು ಸುತ್ತುತ್ತ, ಸುತ್ತುತ್ತ, ಗೆಣ್ಣಿನಿಂದ ಆಚೆ ದಾಟಿಸಿತು. ಎರಡನೆಯದು ಏರಿತು. ಮೂರನೆಯದು ಏರುವಾಗ ಸವಿತಾ ಯಾರದೋ ಮಾತಿಗೆ ನಗುತ್ತಿದ್ದಳು.

ಒಂದು ಬಳೆಯೂ ಒಡೆಯಲಿಲ್ಲ.

ಸವಿತಾ ಉಡಿಯಲ್ಲಿ ಕೊಬ್ಬರಿ ಬಟ್ಟಲು, ಗೋಧಿ, ರವಿಕೆಯ ಕಣ ಹಾಕಿಸಿಕೊಂಡು ಏಳುವ ಹೊತ್ತಿಗೆ ಕಮಲವ್ವನವರು ನನ್ನ ಎದುರಿಗೆ ಬಂದು ಕೂತರು. ಮೊದಲೇ ಬಲಗೈ ಚಾಚಿದರು.

"ಇದು ಯಾವಾಗಲೂ ನೋಯ್ತದ. ನೋಡೋಣು."

ಇಡಿಸಿದೆ. ಅವರು ಓಣಿಯ ಹೆಂಗಸರನ್ನೆಲ್ಲ ಕರೆಸಿದರು. ಅವತ್ತು ನಾವು ಖಾಲಿ ಬುಟ್ಟಿ ಹೊತ್ತು ಹೊರಟೆವು. ರೇಟಿನ ಮಾತೆಲ್ಲ ನಾನೇ ಆಡಿದೆ, ಅತ್ತೆ ನಡುವೆ ಬಾಯಿ ಹಾಕಲಿಲ್ಲ.

ಬಸ್ಸು ರೋಣ ಮುಟ್ಟಿದಾಗ ಅತ್ತೆ ಅಂದರು, "ನಮ್ಮ ಮನ್ಯಾಗ ಪೆಟಗಿ ಗಂಡಸರದು, ಮನಿಗಳು ಹೆಂಗಸರವು. ನಮ್ಮತ್ತಿ ನನಗ ಕೊಟ್ಟಿದ್ಲು. ಇವತ್ತಿಂದ ನರಗುಂದ ನಿಂದು."

"ಉಳದ ಮನಿ?"

"ಆಶಾ ನೋಡು ಇಕಿದು." ನಕ್ಕರು. "ಒಂದೊಂದ ಕೊಡ್ತೀನಿ. ಚೌಕಾಸಿ ಮಾಡಬ್ಯಾಡ."

ಮಾಡಿದೆ. ಮನೆ ಮುಟ್ಟುವುದರೊಳಗೆ ಇನ್ನೂ ಎರಡು ಊರು ಬಂದಿದ್ದವು. ಇವತ್ತಿನ ಅಂಗಡಿಯ ಬುನಾದಿ ಆ ಮನೆಗಳೇ. ಜನ ನನ್ನನ್ನು ಸ್ವಂತ ಬಲದಿಂದ ಮೇಲೆ ಬಂದವಳು ಎನ್ನುತ್ತಾರೆ. ನಾನು ಹೌದೆನ್ನುತ್ತೇನೆ, ವ್ಯಾಪಾರಕ್ಕೆ ಅದು ಒಳ್ಳೆಯದು. ಆದರೆ ಆ ಬಲವನ್ನು ಕೆಂಪಾಗಿ ಊದಿದ ಒಂದು ಕೈ ದಿನಾ ಮಧ್ಯಾಹ್ನ ನನ್ನ ಮುಂದೆ ಚಾಚಿ ಕೊಟ್ಟದ್ದು ನನಗೆ ಗೊತ್ತಿದೆ. ಎಡಗೈ ಮನೆಯಲ್ಲಿ ಬಿಟ್ಟು ಬಾ ಎಂದವರೇ, ತುಂಬಿದ ಪಡಸಾಲೆಯಲ್ಲಿ ತಮ್ಮ ಮಾತನ್ನು ತಾವೇ ತಿರುಗಿಸಿ ಅದನ್ನು ಕರೆದರು. ಅಷ್ಟು ವಯಸ್ಸಿನಲ್ಲಿ, ಅಷ್ಟು ಜನರ ಮುಂದೆ ಹಾಗೆ ಮಾಡುವುದು ಸಣ್ಣ ಮಾತಲ್ಲ.

ಗಣಪತಿ ಹಬ್ಬ ಕಳೆದ ಮೇಲೆ ಪ್ಲಾಸ್ಟರು ತೆಗೆದರು. ಮಣಿಕಟ್ಟು ಸೊರಗಿ, ಒಂದು ಕಡೆಗೆ ಸ್ವಲ್ಪ ವಾಲಿತ್ತು. ಮನೆಗೆ ಬಂದು ಅತ್ತೆ ಪಡಸಾಲೆಯಲ್ಲಿ ಕೂತು ಬುಟ್ಟಿಯಿಂದ ಎರಡು ಸಡಲ ಬಳೆ ಹುಡುಕತೊಡಗಿದರು. ಎಡಗೈಗೆ ಏರಿಸಲು ಅವರ ಪಳಗಿದ ಬಲಗೈ ಇತ್ತು, ಬಲಗೈಯ ಬಳೆಯನ್ನು ಮಾತ್ರ ತಾವೇ ಎಡಗೈಯಿಂದ ತೂರಿಸಿಕೊಳ್ಳಬೇಕು, ಸಡಲಾಗಿದ್ದರೇ ಅದು ಸಾಧ್ಯ. ಆಗ ನನಗೆ ಹೊಳೆಯಿತು. ಮೂರು ತಾಲೂಕಿನ ಕೈಗಳನ್ನು ತುಂಬಿದಾಕೆಯ ಬಲಗೈಯನ್ನು ಹಿಡಿದು ಬಳೆ ಇಡಿಸುವವರು ಇಷ್ಟು ವರ್ಷ ಯಾರೂ ಇರಲಿಲ್ಲ. ದುಡಿಯುವ ಕೈಗೆ ಶೃಂಗಾರ ಬೇಡ ಎಂದದ್ದು ಅದಕ್ಕೆ.

ಬುಟ್ಟಿಯನ್ನು ನನ್ನ ಕಡೆಗೆ ಎಳೆದುಕೊಂಡೆ. "ಕೊಡ್ರಿ ಇಲ್ಲಿ."

"ನೋಯತೈತಿ, ಬ್ಯಾಡ."

"ನೋಯಂಗಿಲ್ಲ. ಕೊಡ್ರಿ."

ಶ್ರಾವಣ ಪೂರ್ತಿ ನನಗೆ ಸಿಗದಿದ್ದ ಆ ಕೈಯನ್ನು ಬಲಗೈಯಲ್ಲಿ ಹಿಡಿದೆ. ಹೆಬ್ಬಟ್ಟಿನ ಬುಡ ಮೆಲ್ಲಗೆ ಒತ್ತಿದೆ. ಎಡಗೈಯಿಂದ ಒಂದೊಂದಾಗಿ ಏರಿಸಿದೆ, ಅವರ ಸರಿಯಾದ ಅಳತೆಯ ಹಸಿರು ಬಳೆ, ಒಂದು ಡಜನ್. ಅವರು ಮುಖ ಬೇರೆ ಕಡೆ ತಿರುಗಿಸಿ ಹೊರಗಿನ ಮಳೆ ನೋಡುತ್ತಿದ್ದರು.

ಮುಗಿದ ಮೇಲೆ ಎರಡೂ ಕೈ ಎತ್ತಿ, ಮೊದಲು ಒಂದನ್ನು ಅಲುಗಿಸಿದರು, ಆಮೇಲೆ ಇನ್ನೊಂದನ್ನು. ಕಿವಿಗೊಟ್ಟು ಕೇಳಿದರು.

"ಎರಡೂ ಕಡಿ ಒಂದ ಸಪ್ಪಳ ಬರ್ತೈತಿ" ಎಂದರು.